ಹಳೆಯದನ್ನು ಬಿಟ್ಟುಕೊಡುವ ಕಥೆಯ ಕಿರುಚಿತ್ರಕ್ಕೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕೇ?

ಸಾಕು, ಆದರೆ ಒಂದು ಷರತ್ತಿದೆ. ಚಿತ್ರದಲ್ಲಿ ಬರುವ ಗತಕಾಲವನ್ನು ನೀವೇ ಹೊಸದಾಗಿ ಚಿತ್ರೀಕರಿಸುವುದಾದರೆ ರಿಸಾಲ್ವ್ ಎಂಬ ಈ ವೀಡಿಯೋ ಸಂಕಲನ ತಂತ್ರಾಂಶದ ಪುಕ್ಕಟೆ ಆವೃತ್ತಿಯಲ್ಲಿ ಸಂಕಲನದಿಂದ ಧ್ವನಿ ಮಿಶ್ರಣದವರೆಗೆ ಎಲ್ಲವೂ ಮುಗಿಯುತ್ತದೆ. ಆ ಗತಕಾಲ ಹಳೆಯ ವಿಎಚ್‌ಎಸ್ ಟೇಪಿನಲ್ಲೋ ಮಿನಿ ಡಿವಿ ಕ್ಯಾಸೆಟ್ಟಿನಲ್ಲೋ ಇದ್ದರೆ ಸ್ವಲ್ಪ ತಾಪತ್ರಯ. ಹಳೆಯ ಟೇಪಿಗೆ ಮುಖ್ಯವಾಗಿ ಬೇಕಾದ ಎರಡು ಸಲಕರಣೆಗಳನ್ನು, ಅಂದರೆ ಡಿಇಂಟರ್ಲೇಸಿಂಗ್ (ಒಂದೇ ಫ್ರೇಮಿನಲ್ಲಿ ಹೆಣೆದ ಎರಡು ಅರ್ಧಚಿತ್ರಗಳನ್ನು ಬಿಡಿಸುವುದು) ಮತ್ತು ಚಿತ್ರದ ನಾಯ್ಸ್ ರಿಡಕ್ಷನ್ (ಕಾಳು ಕಾಳು ಕಲೆಗಳನ್ನು ತಗ್ಗಿಸುವುದು) ಎರಡನ್ನೂ, ಕಂಪನಿಯವರು ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಗೆ ಮೀಸಲಿಟ್ಟಿದ್ದಾರೆ. ಹೊರಗಿನ ಪುಕ್ಕಟೆ ತಂತ್ರಾಂಶಗಳಿಂದ ಮೊದಲನೆಯದನ್ನು ಪೂರ್ತಿ, ಪುಕ್ಕಟೆ ಆವೃತ್ತಿಯಲ್ಲೇ ಇರುವ ಒಂದು ಸಾಧನದಿಂದ ಎರಡನೆಯದನ್ನು ಅರ್ಧ ನಿಭಾಯಿಸಬಹುದು. ಹೇಗೆಂದು ಮುಂದೆ ಇದೆ.

ವಿಮರ್ಶೆಗೆ ಒಂದು ಚಿತ್ರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಎಂಟು ನಿಮಿಷದ ಕಥೆ: ತಾಯಿ ತೀರಿಕೊಂಡ ಮೇಲೆ ಮಗಳು ಮನೆ ಖಾಲಿ ಮಾಡುತ್ತಿದ್ದಾಳೆ, ಕಪಾಟಿನಲ್ಲಿ ತಾಯಿಯ ದನಿ ಇರುವ ಆಡಿಯೋ ಕ್ಯಾಸೆಟ್ ಮತ್ತು ಹಳೆಯ ವೀಡಿಯೋ ಟೇಪ್ ಸಿಗುತ್ತವೆ, ಕೊನೆಗೆ ಆಕೆ ಎರಡನ್ನೂ ಬಿಟ್ಟು ಹೊರಡುತ್ತಾಳೆ. ಇಂಥ ಚಿತ್ರ ತಂತ್ರಾಂಶದಿಂದ ಕೇಳುವುದು ಮೂರು ಸಂಗತಿ. ಎರಡು ಕಾಲಗಳು ಒಂದೇ ಟೈಮ್‌ಲೈನಿನಲ್ಲಿ, ಅಂದರೆ ಶಾಟುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಜಗಳವಾಡದೆ ಇರಬೇಕು, ನೆನಪಿನ ಬಣ್ಣ ಹಂತಹಂತವಾಗಿ ಇಳಿಯಬೇಕು, ಮೌನವನ್ನು ಕಟ್ಟಲು ಬರಬೇಕು. ಹೊಳೆಯುವ ಎಫೆಕ್ಟುಗಳ ಅಗತ್ಯ ತೀರಾ ಕಡಿಮೆ.

ರಿಸಾಲ್ವ್ ಹುಟ್ಟಿದ್ದು ಬಣ್ಣ ಸರಿಪಡಿಸುವ ಯಂತ್ರವಾಗಿ. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ ಡಾವಿಂಚಿ ಸಿಸ್ಟಮ್ಸನ್ನು 2009ರಲ್ಲಿ ಕೊಂಡಿತು. ಆಮೇಲೆ 2014ರಲ್ಲಿ ಎಫೆಕ್ಟುಗಳ ತಂತ್ರಾಂಶ ಫ್ಯೂಷನ್, 2016ರಲ್ಲಿ ಧ್ವನಿಯ ತಂತ್ರಾಂಶ ಫೇರ್‌ಲೈಟ್ ಕೈಸೇರಿದವು. ಈಗ ಅವು ರಿಸಾಲ್ವ್‌ನ ಒಳಗೇ ಒಂದೊಂದು ಕೆಲಸಕ್ಕೆ ಒಂದೊಂದು ಪುಟವಾಗಿವೆ. ಮೂರೂ ಬೇರೆಬೇರೆ ಮನೆಗಳಿಂದ ಬಂದ ತಂತ್ರಾಂಶಗಳು ಎಂಬುದು ಬಳಸುವಾಗ ಇಂದಿಗೂ ಗೊತ್ತಾಗುತ್ತದೆ. ಕಲರ್ ಪುಟದಲ್ಲಿ ಕಲಿತ ನೋಡ್ ಪದ್ಧತಿ (ಒಂದೊಂದು ಬದಲಾವಣೆಯನ್ನು ಒಂದೊಂದು ಕೊಂಡಿಯಾಗಿ ಜೋಡಿಸುವುದು) ಫ್ಯೂಷನ್ ಪುಟದಲ್ಲಿ ಹಾಗೇ ನಡೆಯುವುದಿಲ್ಲ, ಎಡಿಟ್ ಪುಟದ ಮೌಸ್ ಅಭ್ಯಾಸ ಫೇರ್‌ಲೈಟಿನಲ್ಲಿ ತಡವರಿಸುತ್ತದೆ. ಬಣ್ಣದ ಭಾಗ ಮಾತ್ರ ಪುಕ್ಕಟೆ ಸಿಗುವ ಯಾವ ತಂತ್ರಾಂಶಕ್ಕೂ ಎಟುಕದಷ್ಟು ಮುಂದಿದೆ.

ಮೊದಲ ತಪ್ಪು ಆಗುವುದು ಫ್ರೇಮ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕದಲ್ಲಿ. ಪ್ರಾಜೆಕ್ಟ್ ಸೆಟ್ಟಿಂಗ್ಸಿನಲ್ಲಿ ಟೈಮ್‌ಲೈನ್ ಫ್ರೇಮ್ ರೇಟನ್ನು ಯಾವ ಕ್ಲಿಪ್ಪನ್ನೂ ಒಳಗೆ ತರುವ ಮೊದಲೇ ನಿಗದಿ ಮಾಡಬೇಕು. ಕ್ಲಿಪ್ಪುಗಳು ಬಂದ ಮೇಲೆ ಆ ಆಯ್ಕೆಗೆ ಬೀಗ ಬೀಳುತ್ತದೆ. ಹೊಸ ಟೈಮ್‌ಲೈನನ್ನು ಬೇರೆ ರೇಟಿನಲ್ಲಿ ಮಾಡಬಹುದು, ಆದರೆ ಅರ್ಧ ಸಂಕಲನ ಆದ ಮೇಲೆ ಬದಲಿಸಿದರೆ ಕಟ್‌ಗಳೆಲ್ಲ ಒಂದೆರಡು ಫ್ರೇಮ್ ಅತ್ತಿತ್ತ ಜಾರುತ್ತವೆ. ಹಳೆಯ ಟೇಪ್ ಪಾಲ್ ಎಂಬ ಹಳೆಯ ಟಿವಿ ಪದ್ಧತಿಯದಾಗಿದ್ದರೆ, ಅಂದರೆ 720×576 ಅಳತೆ, ಸೆಕೆಂಡಿಗೆ 25 ಫ್ರೇಮ್, ಚಿತ್ರವನ್ನೂ 25ರಲ್ಲೇ ತೆಗೆಯುವುದು ಜಾಣತನ. ಚಿತ್ರಮಂದಿರದ ಪರದೆಗೆ ಡಿಸಿಪಿ (ಅಲ್ಲಿ ಬಳಸುವ ಡಿಜಿಟಲ್ ಪ್ರತಿ) ಮಾಡುವ ಯೋಚನೆ ಇದ್ದರೆ 24 ಎಲ್ಲ ಕಡೆ ನಡೆಯುತ್ತದೆ. ಆಗ 25ರ ಟೇಪನ್ನು ಶೇಕಡ 4ರಷ್ಟು ನಿಧಾನಿಸಬೇಕು, ದನಿಯ ಪಿಚ್ಚನ್ನೂ ಸರಿಪಡಿಸಬೇಕು. ಟೇಪಿನ ದೃಶ್ಯಗಳು ಒಂದು ನಿಮಿಷಕ್ಕಿಂತ ಕಡಿಮೆ ಇದ್ದರೆ 24, ಹೆಚ್ಚಿದ್ದರೆ 25 ಎಂದು ನಮ್ಮ ಸಲಹೆ.

ಮೊಬೈಲಿನಲ್ಲಿ ಚಿತ್ರೀಕರಿಸಿದವರಿಗೆ ಇನ್ನೊಂದು ಎಚ್ಚರಿಕೆ. ಬಹುತೇಕ ಫೋನುಗಳ ಸಾಮಾನ್ಯ ಕ್ಯಾಮೆರಾ ಆ್ಯಪ್ ಫ್ರೇಮ್ ರೇಟನ್ನು ಬೆಳಕಿಗೆ ತಕ್ಕಂತೆ ಏರಿಳಿಸುತ್ತದೆ. ಪ್ರತ್ಯೇಕವಾಗಿ ರೆಕಾರ್ಡ್ ಮಾಡಿದ ದನಿ ಮೊದಲ ನಿಮಿಷ ತುಟಿಗೆ ಸರಿಹೊಂದಿ ಐದನೇ ನಿಮಿಷಕ್ಕೆ ತಪ್ಪಿದ್ದರೆ ಕಾರಣ ಇದೇ. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ವೀಡಿಯೋ ಪರಿವರ್ತಕದಲ್ಲಿ ಕಾನ್‌ಸ್ಟಂಟ್ (ಏರಿಳಿಯದ) ಫ್ರೇಮ್ ರೇಟ್ ಆರಿಸಿ ಒಮ್ಮೆ ಪರಿವರ್ತಿಸಿಕೊಂಡು, ಆಮೇಲೆ ರಿಸಾಲ್ವ್‌ಗೆ ತನ್ನಿ.

ಇನ್ನು ಟೇಪಿನ ವಿಷಯ. ಟೇಪಿನ ಒಂದು ಫ್ರೇಮಿನಲ್ಲಿ ಎರಡು ಕ್ಷಣಗಳು ಹೆಣೆದುಕೊಂಡಿರುತ್ತವೆ: ಸಮಸಂಖ್ಯೆಯ ಗೆರೆಗಳಲ್ಲಿ ಒಂದು, ಬೆಸದಲ್ಲಿ ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲಿನ ಇನ್ನೊಂದು. ಇದನ್ನು ಬಿಡಿಸದೆ ಹಾಗೇ 1080ರ ಟೈಮ್‌ಲೈನಿಗೆ ಹಾಕಿ ಹಿಗ್ಗಿಸಿದರೆ, ತಾಯಿ ಕೈಯೆತ್ತಿದ ಕೂಡಲೇ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಏಳುತ್ತದೆ. ಹಿಗ್ಗಿಸಿದ ಮೇಲೆ ಆ ಗೆರೆಗಳು ಒಂದಕ್ಕೊಂದು ಕಲಸಿಹೋಗುವುದರಿಂದ ಆಮೇಲೆ ಬಿಡಿಸಲು ಬರುವುದಿಲ್ಲ. ಹಾಗಾಗಿ ಕ್ರಮ ಮುಖ್ಯ: ಮೊದಲು ಡಿಇಂಟರ್ಲೇಸ್, ಆಮೇಲೆ ಅಳತೆ ಬದಲಾವಣೆ.

ಪುಕ್ಕಟೆ ರಿಸಾಲ್ವ್‌ನಲ್ಲಿ ಈ ಆಯ್ಕೆ ಇಲ್ಲದ ಕಾರಣ ಹ್ಯಾಂಡ್‌ಬ್ರೇಕ್ ಅಥವಾ ಅಂಥದ್ದೇ ಇನ್ನೊಂದು ಪುಕ್ಕಟೆ ಪರಿವರ್ತಕ ಎಫ್‌ಎಫ್‌ಎಂಪೆಗ್ ಮೊರೆ ಹೋಗಬೇಕು. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್ಲೇಸ್ ಫಿಲ್ಟರಿಗೆ ಬಾಬ್ ಪ್ರಿಸೆಟ್ ಆರಿಸಿ, ಫ್ರೇಮ್ ರೇಟನ್ನು 50 ಕಾನ್‌ಸ್ಟಂಟ್ ಎಂದು ಕೊಡಿ, ಗುಣಮಟ್ಟದ ಆರ್‌ಎಫ್ ಅಂಕಿಯನ್ನು (ಇಳಿದಷ್ಟೂ ಗುಣಮಟ್ಟ ಹೆಚ್ಚು) 14 ಅಥವಾ 15ಕ್ಕೆ ಇಳಿಸಿ. ಫೈಲ್ ದೊಡ್ಡದಾದರೆ ಆಗಲಿ. ಹೀಗೆ ಪ್ರತಿ ಅರ್ಧಚಿತ್ರವೂ ಒಂದು ಪೂರ್ಣ ಫ್ರೇಮಾಗಿ ಸೆಕೆಂಡಿಗೆ 50 ನಿಜವಾದ ಕ್ಷಣಗಳು ಸಿಗುತ್ತವೆ. ಇದರ ಲಾಭ ಬಹಳ ಮಂದಿಗೆ ಹೊಳೆಯುವುದಿಲ್ಲ: 25ರ ಟೈಮ್‌ಲೈನಿನಲ್ಲಿ ಈ ಕ್ಲಿಪ್ಪಿನ ವೇಗವನ್ನು ಶೇಕಡ 50ಕ್ಕೆ ಇಳಿಸಿದರೆ, ಹಳೆಯ ಟೇಪಿನಿಂದಲೇ ಒಂದು ಚೂರೂ ಕುಪ್ಪಳಿಸದ ಸ್ಲೋ ಮೋಷನ್ ಬರುತ್ತದೆ. ತಾಯಿ ತಿರುಗಿ ನೋಡುವ ಒಂದು ಶಾಟನ್ನು ಎಳೆಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಚಲನೆ ಮುಂದೆ ಹಿಂದೆ ತುಯ್ಯುತ್ತಿದ್ದರೆ ಫೀಲ್ಡ್, ಅಂದರೆ ಅರ್ಧಚಿತ್ರಗಳ, ಕ್ರಮ ತಿರುವುಮುರುವಾಗಿದೆ ಎಂದರ್ಥ. ಡಿವಿ ಕ್ಯಾಸೆಟ್ಟಿನಲ್ಲಿ ಕೆಳಗಿನ ಫೀಲ್ಡ್ ಮೊದಲು. ವಿಎಚ್‌ಎಸ್‌ನಿಂದ ಇಳಿಸಿದ ಫೈಲಿನಲ್ಲಿ ಇಳಿಸಿದ ಸಾಧನದ ಮೇಲೆ ಹೋಗುತ್ತದೆ, ಎರಡನ್ನೂ ಹತ್ತು ಸೆಕೆಂಡಿನ ತುಣುಕಿನ ಮೇಲೆ ಪರೀಕ್ಷಿಸಿ.

ವಿಎಚ್‌ಎಸ್ ಚಿತ್ರದ ತಳದಲ್ಲಿ ಹರಿದಂತೆ ಕಾಣುವ ಕೆಲವು ಗೆರೆಗಳಿರುತ್ತವೆ. ವಿಸಿಆರ್ ಹೆಡ್ ಬದಲಾಗುವ ಜಾಗ ಅದು. ಹಳೆಯ ಟಿವಿಗಳ ಅಂಚಿನ ಹಿಂದೆ ಅಡಗಿರುತ್ತಿತ್ತು, ಈಗಿನ ಪರದೆಯಲ್ಲಿ ಕಾಣುತ್ತದೆ. ರಿಸಾಲ್ವ್‌ನ ಇನ್‌ಸ್ಪೆಕ್ಟರ್ ಫಲಕದ ಕ್ರಾಪಿಂಗ್‌ನಲ್ಲಿ ತೆಗೆದುಬಿಡಿ. ನಾಲ್ಕಕ್ಕೆ ಮೂರರ ಚಿತ್ರವನ್ನು ಹದಿನಾರಕ್ಕೆ ಒಂಬತ್ತಾಗಿ ಎಳೆದು ಮುಖಗಳನ್ನು ದಪ್ಪ ಮಾಡಬೇಡಿ. ಎರಡೂ ಬದಿ ಕಪ್ಪು ಬಿಡಿ. ಅದೇ ಚಿತ್ರವನ್ನು ಮಸುಕಾಗಿಸಿ ಬದಿಗಳನ್ನು ತುಂಬುವ ಟಿವಿ ಸುದ್ದಿಯ ಚಾಳಿ ಈ ಬಗೆಯ ಚಿತ್ರವನ್ನು ಕೊಂದೇ ಹಾಕುತ್ತದೆ.

ಟೇಪಿನ ಬಣ್ಣದ ಕಲೆ, ಕಾಳು ಕಾಳು ನಾಯ್ಸ್ ಕಡಿಮೆ ಮಾಡಲು ಪುಕ್ಕಟೆ ಆವೃತ್ತಿಯ ಫ್ಯೂಷನ್ ಪುಟದಲ್ಲಿ ರಿಮೂವ್ ನಾಯ್ಸ್ ಎಂಬ ನೋಡ್ ಇದೆ. ಮೊಂಡು ಸಾಧನ, ಒಂದೊಂದೇ ಫ್ರೇಮ್ ನೋಡಿ ಮಸುಕು ಮಾಡುವುದಷ್ಟೇ ಅದಕ್ಕೆ ಗೊತ್ತು. ಸ್ಟುಡಿಯೋ ಆವೃತ್ತಿಯ ಟೆಂಪೊರಲ್ ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸುವುದರಿಂದ ಮುಖದ ವಿವರ ಉಳಿಸಿಕೊಂಡು ಕಾಳನ್ನು ಮಾತ್ರ ತೆಗೆಯುತ್ತದೆ. ಈ ವ್ಯತ್ಯಾಸ ನಿಜಕ್ಕೂ ದೊಡ್ಡದು. ಕಥೆಯಲ್ಲಿ ಅದು ಟೇಪ್ ಎಂದೇ ಪ್ರೇಕ್ಷಕರಿಗೆ ತಿಳಿದಿರುವುದಾದರೆ ನಾಯ್ಸ್ ಇದ್ದರೇ ಚೆನ್ನ ಎಂಬುದು ಬೇರೆ ಮಾತು.

ಎಡಿಟ್ ಪುಟದ ಬಗ್ಗೆ ಹೆಚ್ಚು ದೂರಿಲ್ಲ. ಈ ವಸ್ತುವಿಗೆ ಬೇಕಾದ ಮುಖ್ಯ ಕೌಶಲ ವರ್ತಮಾನದಿಂದ ನೆನಪಿಗೆ ಜಾರುವ ಕಟ್. ಒಂದು ಚಿತ್ರ ಕರಗಿ ಇನ್ನೊಂದಾಗುವ ಡಿಸಾಲ್ವ್ ಹಾಕುವುದು ಸುಲಭ, ಹಾಗಾಗಿ ಎಲ್ಲರೂ ಹಾಕುತ್ತಾರೆ. ಅದರ ಬದಲು ದನಿಯನ್ನು ಮುಂದೆ ಕಳಿಸಿ, ಚಿತ್ರ ಹಿಂದೆ ಬರಲಿ. ಆಲ್ಟ್ ಕೀಲಿ ಒತ್ತಿ ಹಿಡಿದು ಆಡಿಯೋ ಕ್ಲಿಪ್ಪಿನ ಅಂಚನ್ನು ಮಾತ್ರ ಎಡಕ್ಕೆ 12ರಿಂದ 20 ಫ್ರೇಮ್ ಎಳೆಯಿರಿ. ಮಗಳು ಖಾಲಿ ಕೋಣೆಯಲ್ಲಿ ನಿಂತಿರುವಾಗಲೇ ಹಳೆಯ ಅಡುಗೆಮನೆಯ ಪಾತ್ರೆಯ ಸದ್ದು ಕೇಳಿಸಿ, ಆಮೇಲೆ ಅಡುಗೆಮನೆ ಕಾಣುತ್ತದೆ. ವಾಪಸ್ ಬರುವಾಗ ಉಲ್ಟಾ: ಚಿತ್ರ ವರ್ತಮಾನಕ್ಕೆ ಬಂದ ಮೇಲೂ ಹಳೆಯ ದನಿ ಅರ್ಧ ಸೆಕೆಂಡ್ ಉಳಿಯಲಿ. ಕಥೆ ಮುಂದುವರಿದಂತೆ ಈ ಬಾಲವನ್ನು ಮೊಟಕು ಮಾಡುತ್ತ ಹೋಗಿ. ಕೊನೆಯ ನೆನಪಿನಿಂದ ಹೊರಬರುವಾಗ ಚಿತ್ರ, ದನಿ ಎರಡೂ ಒಂದೇ ಫ್ರೇಮಿನಲ್ಲಿ ಕಡಿಯಲಿ. ಪ್ರೇಕ್ಷಕರು ಇದನ್ನು ಗುರುತಿಸುವುದಿಲ್ಲ, ಆದರೆ ಹಿಡಿತ ಸಡಿಲಿದ್ದು ಅವರಿಗೆ ತಟ್ಟುತ್ತದೆ.

ಮಗಳ ಕೈ ಕಪಾಟಿನ ಹಿಡಿಯ ಮೇಲೆ, ಕಟ್, ತಾಯಿಯ ಕೈ ಅದೇ ಹಿಡಿಯ ಮೇಲೆ. ಇಂಥ ಜೋಡಣೆಗೆ ಎರಡನೇ ಶಾಟನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು ಒಪಾಸಿಟಿ 50ಕ್ಕೆ ಇಳಿಸಿ, ಟ್ರಾನ್ಸ್‌ಫಾರ್ಮಿನ ಝೂಮ್ ಮತ್ತು ಪೊಸಿಷನ್ನಿನಿಂದ ಎರಡು ಹಿಡಿಗಳನ್ನೂ ಒಂದರ ಮೇಲೊಂದು ಕೂರಿಸಿ, ಆಮೇಲೆ ಒಪಾಸಿಟಿ 100ಕ್ಕೆ ತನ್ನಿ. ಅಲ್ಟ್ರಾ ಎಚ್‌ಡಿಯಲ್ಲಿ, ಅಂದರೆ 3840×2160ರಲ್ಲಿ ಚಿತ್ರೀಕರಿಸಿ 1920×1080ರ ಟೈಮ್‌ಲೈನಿನಲ್ಲಿ ಕೆಲಸ ಮಾಡಿದರೆ ಎರಡು ಪಟ್ಟು ಝೂಮ್‌ವರೆಗೆ ಚಿತ್ರ ಒಡೆಯುವುದಿಲ್ಲ. 1080ರಲ್ಲೇ ತೆಗೆದಿದ್ದರೆ ಶೇಕಡ 10-15 ದಾಟಬೇಡಿ.

ವೇಗ ಇಳಿಸುವಾಗ ರೀಟೈಮ್ ಪ್ರಾಸೆಸ್ ಎಂಬಲ್ಲಿ ಕೆಲವು ಆಯ್ಕೆಗಳಿವೆ. ಆಪ್ಟಿಕಲ್ ಫ್ಲೋ ಇಲ್ಲದ ಫ್ರೇಮುಗಳನ್ನು ಊಹಿಸಿ ಬರೆಯುತ್ತದೆ. ಬೆರಳು, ಗೀರಿನ ಬಟ್ಟೆ, ಕಿಟಕಿ ಸರಳು ಇದ್ದಲ್ಲಿ ಆ ಊಹೆ ಕರಗಿದ ಮೇಣದಂತೆ ಕೆಡುತ್ತದೆ. ನೆನಪಿನ ದೃಶ್ಯಕ್ಕೆ ಫ್ರೇಮ್ ಬ್ಲೆಂಡ್ ವಾಸಿ. ಎರಡು ಫ್ರೇಮುಗಳು ಒಂದರೊಳಗೊಂದು ತೆಳುವಾಗಿ ಬೆರೆತು ಬರುವ ಮಸುಕು ಇಲ್ಲಿ ದೋಷ ಅನ್ನಿಸುವುದಿಲ್ಲ.

ಇನ್ನೊಂದು ಸಣ್ಣ ಕೀಲಿ: ಕ್ಲಿಪ್ ಆರಿಸಿ ಡಿ ಒತ್ತಿದರೆ ಅದು ಅಳಿಯದೆ ನಿಷ್ಕ್ರಿಯವಾಗುತ್ತದೆ. ಈ ಜಾತಿಯ ಚಿತ್ರಗಳು ಸೋಲುವುದೇ ಫ್ಲ್ಯಾಷ್‌ಬ್ಯಾಕ್ ಅತಿಯಾಗಿ. ಟೈಮ್‌ಲೈನಿನ ನಕಲು ಮಾಡಿಕೊಂಡು, ಒಂದೊಂದೇ ನೆನಪಿನ ಶಾಟಿಗೆ ಡಿ ಒತ್ತಿ ಚಿತ್ರ ನಡೆಸಿ ನೋಡಿ. ಅದಿಲ್ಲದೆ ಮಗಳ ಮುಂದಿನ ವರ್ತನೆ ಅರ್ಥವಾಗುತ್ತದೆಯೇ? ಆಗುತ್ತದೆಂದರೆ ಆ ಶಾಟ್ ಹೋಗಲಿ. ಎಂಟು ನಿಮಿಷಕ್ಕೆ ಐದು ನೆನಪುಗಳೇ ಹೆಚ್ಚು.

ಈಗ ಕಲರ್ ಪುಟ, ಅಂದರೆ ಈ ತಂತ್ರಾಂಶದ ತವರು. ವರ್ತಮಾನವನ್ನು ಮೊದಲು ಸರಿಮಾಡಿ, ಚರ್ಮದ ಬಣ್ಣ ಸಹಜವಾಗಿರಲಿ, ಬೇರೇನೂ ಮಾಡಬೇಡಿ. ಆಮೇಲೆ ನೆನಪಿನ ಮೊದಲ ಶಾಟ್ ತೆಗೆದುಕೊಂಡು ಎರಡು ನೋಡ್ ಮಾಡಿ. ಒಂದನೆಯದರಲ್ಲಿ ಬೆಳಕು-ಬಣ್ಣದ ಸಮತೋಲನ. ಆಲ್ಟ್ ಎಸ್ ಒತ್ತಿ ಸೇರಿಸಿದ ಎರಡನೆಯದರಲ್ಲಿ ನೆನಪಿನ ನೋಟ: ಸ್ಯಾಚುರೇಷನ್ 50ರಿಂದ 38ಕ್ಕೆ, ಕಾಂಟ್ರಾಸ್ಟ್ 1.000ದಿಂದ 0.900ಕ್ಕೆ, ಮಿಡ್‌ಟೋನ್ ಡಿಟೇಲ್ -20, ಲಿಫ್ಟ್ (ಕಪ್ಪು ಭಾಗಗಳು) ತುಸು ಮೇಲೆ, ಗೇನ್ (ಬೆಳಕಿನ ಭಾಗಗಳು) ಚಕ್ರ ತುಸು ಕಿತ್ತಳೆಯ ಕಡೆಗೆ. ಇಷ್ಟಕ್ಕೇ ನಿಲ್ಲಿ. ಇಡೀ ಚಿತ್ರವನ್ನು ಕಂದು ಬಣ್ಣದಲ್ಲಿ ಅದ್ದಿ ತೆಗೆಯುವ ಸೆಪಿಯಾ ಈಗ ಮದುವೆ ವೀಡಿಯೋಗಳಿಗೂ ಹಳತಾಗಿದೆ.

ಹೀಗೆ ಮಾಡಿದ್ದನ್ನು ಸ್ಟಿಲ್ ಆಗಿ ಗ್ಯಾಲರಿಗೆ ಹಿಡಿದು ಉಳಿದ ನೆನಪಿನ ಶಾಟುಗಳಿಗೆ ಹಚ್ಚಿ. ಎರಡನೇ ನೋಡ್ ಆರಿಸಿ ಕೀ ಪ್ಯಾಲೆಟ್ಟಿಗೆ ಹೋದರೆ ಕೀ ಔಟ್‌ಪುಟ್ ಎಂಬುದರ ಕೆಳಗೆ ಗೇನ್ ಇದೆ, ಮೊದಲಿಗೆ 1.000 ಇರುತ್ತದೆ. ಅದು ಆ ನೋಡ್ ಎಷ್ಟು ಪಾಲು ಕೆಲಸ ಮಾಡಬೇಕೆಂಬ ಅಳತೆ. ಮೊದಲ ನೆನಪಿಗೆ 1, ಎರಡನೆಯದಕ್ಕೆ 0.75, ಮೂರನೆಯದಕ್ಕೆ 0.5, ಕೊನೆಯದಕ್ಕೆ 0. ಅಂದರೆ ಕೊನೆಯ ನೆನಪು ವರ್ತಮಾನದಷ್ಟೇ ಸಾದಾ ಬಣ್ಣದಲ್ಲಿ ಬರುತ್ತದೆ, ಗತಕಾಲಕ್ಕೆ ತೊಡಿಸಿದ್ದ ಹೊಂಬಣ್ಣವೆಲ್ಲ ಅಷ್ಟರಲ್ಲಿ ಕಳಚಿರುತ್ತದೆ. ಸಂಭಾಷಣೆಯಲ್ಲಿ ಹೇಳಿಸಿದರೆ ಪೇಲವವಾಗುವ ಮಾತನ್ನು ಇದು ಸದ್ದಿಲ್ಲದೆ ಹೇಳುತ್ತದೆ. ಒಂದು ಎಚ್ಚರ: ಎರಡನೇ ನೋಡನ್ನು ಶೇರ್ಡ್ ನೋಡ್ ಮಾಡಿದರೆ ಅಥವಾ ಗ್ರೂಪ್ ಮಟ್ಟದಲ್ಲಿ ಹಾಕಿದರೆ ಒಂದು ಕಡೆ ಇಳಿಸಿದ್ದು ಎಲ್ಲ ಕಡೆ ಇಳಿಯುತ್ತದೆ. ಈ ಕೆಲಸಕ್ಕೆ ಅದು ಕ್ಲಿಪ್ ಮಟ್ಟದಲ್ಲೇ ಇರಬೇಕು.

ಹಳೆಯ ಫಿಲ್ಮಿನ ಕಾಳು ಕಾಳು ನೋಟ ಕೊಡುವ ಫಿಲ್ಮ್ ಗ್ರೇನ್ ಎಫೆಕ್ಟ್ ಸ್ಟುಡಿಯೋ ಆವೃತ್ತಿಯದು. ಪುಕ್ಕಟೆ ಆವೃತ್ತಿಯಲ್ಲಿ ಹಾಕಿದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ. ಫ್ಯೂಷನ್ ಪುಟದ ಫಿಲ್ಮ್ ಗ್ರೇನ್ ನೋಡ್‌ಗೆ ಆ ತೊಂದರೆ ಇಲ್ಲ. ಬೇಡವೆಂದರೆ ಗ್ರೇನ್ ವೀಡಿಯೋ ಒಂದನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು ಕಾಂಪೋಸಿಟ್ ಮೋಡ್ ಓವರ್‌ಲೇ, ಒಪಾಸಿಟಿ 20-30.

ಹಳೆಯ ಫೋಟೋಗಳ ಮೇಲೆ ನಿಧಾನವಾಗಿ ಸರಿಯಲು ಡೈನಮಿಕ್ ಝೂಮ್ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ ಸ್ಕ್ಯಾನ್ ಮಾಡಿ ಝೂಮ್ ಮಾಡುವ ಬದಲು ಫೋಟೋವನ್ನು ನಟಿಯ ಕೈಗೆ ಕೊಟ್ಟು, ಕಿಟಕಿಯ ಬೆಳಕಿನಲ್ಲಿ ಮಡಿಕೆ ಮತ್ತು ಹೊಳಪು ಸಮೇತ ಚಿತ್ರೀಕರಿಸಿ. ಸ್ಕ್ಯಾನ್ ಸಾಕ್ಷ್ಯಚಿತ್ರದ ಭಾಷೆ. ಇಲ್ಲಿ ಫೋಟೋ ಒಂದು ವಸ್ತುವಾಗಿ ಇರಬೇಕು, ಬಿಟ್ಟುಹೋಗಬೇಕಾದದ್ದು ಆ ವಸ್ತುವೇ ತಾನೆ.

ಫೇರ್‌ಲೈಟ್ ಪುಟಕ್ಕೆ ಹೊಸಬರು ಕಾಲಿಡುವುದೇ ಇಲ್ಲ, ಅದು ನಷ್ಟ. ಕ್ಯಾಸೆಟ್ಟಿನ ದನಿಯನ್ನು ಶುಚಿ ಮಾಡಲು ಬೇಕಾದ ನಾಯ್ಸ್ ರಿಡಕ್ಷನ್, ಡಿ-ಹಮ್ಮರ್, ರಿವರ್ಬ್ ಮೂರೂ ಪುಕ್ಕಟೆ ಆವೃತ್ತಿಯಲ್ಲಿವೆ. ಮಾತನ್ನು ಹಿನ್ನೆಲೆಯಿಂದ ಬೇರ್ಪಡಿಸುವ ವಾಯ್ಸ್ ಐಸೊಲೇಷನ್ ಮಾತ್ರ ಇಲ್ಲ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ದನಿ ಮಂಕಾಗಿ, ಕಂಬಳಿ ಹೊದಿಸಿದಂತೆ ಬಂದರೆ ಪ್ಲೇಯರಿನ ಹೆಡ್ ಕೋನ ಟೇಪಿಗೆ ಸರಿಹೊಂದಿಲ್ಲ. ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಹೆಚ್ಚಿನ ಸ್ವರಗಳು ತೆರೆದುಕೊಳ್ಳುವ ಜಾಗ ಹುಡುಕಿ, ಆಮೇಲೆ ರೆಕಾರ್ಡ್ ಮಾಡಿ. ಈಕ್ವಲೈಜರಿನಲ್ಲಿ ಏರಿಸಿದರೆ ಹಿಸ್ ಸದ್ದು ಏರುತ್ತದೆಯೇ ಹೊರತು ಕಳೆದ ಸ್ವರ ಬರುವುದಿಲ್ಲ.

ಗುಯ್‌ಗುಡುವ ವಿದ್ಯುತ್ ಸದ್ದಿಗೆ ಡಿ-ಹಮ್ಮರಿನಲ್ಲಿ 50 ಅಥವಾ 60 ಹರ್ಟ್ಜ್ ಆರಿಸಿ. ರೆಕಾರ್ಡ್ ಮಾಡಿದ ಜಾಗದ ವಿದ್ಯುತ್ ಆವರ್ತನ ಯಾವುದೋ ಅದು. ನಾಯ್ಸ್ ರಿಡಕ್ಷನ್ನನ್ನು ಮ್ಯಾನ್ಯುಯಲ್‌ಗೆ ಹಾಕಿ, ಮಾತಿಲ್ಲದ ಒಂದೆರಡು ಸೆಕೆಂಡ್ ನುಡಿಸುತ್ತ ಲರ್ನ್ ಒತ್ತಿ, ಆಮೇಲೆ ನಿಲ್ಲಿಸಿ. ಲರ್ನ್ ಆಫ್ ಮಾಡಲು ಮರೆತರೆ ಅದು ತಾಯಿಯ ಮಾತನ್ನೇ ಸದ್ದೆಂದು ಕಲಿತು ಅಳಿಸತೊಡಗುತ್ತದೆ. ಹಿಸ್ ಪೂರ್ತಿ ಹೋಗುವವರೆಗೆ ತಿರುಗಿಸಬೇಡಿ, ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಇದರ ಜೊತೆಗೆ ಕ್ಯಾಸೆಟ್ಟಿನ ಬರಿಯ ಹಿಸ್ ಇರುವ ಇಪ್ಪತ್ತು ಮೂವತ್ತು ಸೆಕೆಂಡನ್ನು ಬೇರೆ ಟ್ರ್ಯಾಕಿನಲ್ಲಿಡಿ. ಮಾತಿನ ಅಡಿಯಲ್ಲಿ ಅದು ಓಡುತ್ತಿರಲಿ, ಮಗಳು ಸ್ಟಾಪ್ ಒತ್ತಿದ ಫ್ರೇಮಿನಲ್ಲೇ ಕಡಿಯಲಿ. ಫೇಡ್ ಬೇಡ.

ಕಡಿದ ಮೇಲೆ ಉಳಿಯಬೇಕಾದದ್ದು ಕೋಣೆಯ ನಿಶ್ಶಬ್ದ, ಶೂನ್ಯ ಡಿಜಿಟಲ್ ಮೌನ ಅಲ್ಲ. ಪೂರ್ತಿ ಶೂನ್ಯ ಬಂದರೆ ಸ್ಪೀಕರ್ ಕೆಟ್ಟಿತೆಂದು ಪ್ರೇಕ್ಷಕರು ತಿರುಗಿ ನೋಡುತ್ತಾರೆ. ಹಾಗಾಗಿ ಚಿತ್ರೀಕರಣದ ದಿನ ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ರೆಕಾರ್ಡ್ ಮಾಡಲೇಬೇಕು. ಸಾಮಾನು ತುಂಬಿದ ಕೋಣೆ, ಖಾಲಿ ಕೋಣೆ ಎರಡರ ಮೌನವೂ ಬೇರೆ. ಖಾಲಿಯಾದ ಮೇಲೆ ಇನ್ನೊಮ್ಮೆ ರೆಕಾರ್ಡ್ ಮಾಡಿ. ಇದನ್ನು ಆಮೇಲೆ ರಿವರ್ಬ್ ಹಾಕಿ ಸೃಷ್ಟಿಸುತ್ತೇನೆಂದು ಹೊರಟವರಿಗೆ ಸ್ನಾನದ ಮನೆಯ ಸದ್ದು ಸಿಗುತ್ತದೆ. ಫೋನಿನಲ್ಲಿ ಕೇಳುವ ದನಿ ಬೇಕಿದ್ದರೆ ಈಕ್ವಲೈಜರಿನಲ್ಲಿ 300 ಹರ್ಟ್ಜ್‌ಗಿಂತ ಕೆಳಗೆ, 3400ಕ್ಕಿಂತ ಮೇಲೆ ಕತ್ತರಿಸಿದರಾಯಿತು. ಹಳೆಯ ಟೇಪಿನ ಹಿನ್ನೆಲೆಯಲ್ಲಿ ರೇಡಿಯೋ ಹಾಡು ನುಡಿಯುತ್ತಿದ್ದರೆ ಅದರ ಹಕ್ಕು ನಿಮ್ಮದಲ್ಲ. ಆ ತುಣುಕಿನ ದನಿ ತೆಗೆದು ಬೇರೆ ಕಟ್ಟಿ.

ಕನ್ನಡ ಶೀರ್ಷಿಕೆ ಹಾಕುವವರು ಒತ್ತಕ್ಷರ ಸರಿಯಾಗಿ ಕೂತಿದೆಯೇ ನೋಡಿ. ರಿಸಾಲ್ವ್‌ನ ಶೀರ್ಷಿಕೆ ಸಾಧನ ಟೆಕ್ಸ್ಟ್ ಪ್ಲಸ್‌ನಲ್ಲಿ ಫಾಂಟ್ ಬದಲಿಸಿದರೂ ಅಕ್ಷರ ಒಡೆದರೆ ಗುದ್ದಾಡಬೇಡಿ, ಇಂಕ್‌ಸ್ಕೇಪ್ ಎಂಬ ಪುಕ್ಕಟೆ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು ಪಾರದರ್ಶಕ ಪಿಎನ್‌ಜಿಯಾಗಿ ತನ್ನಿ.

ಯಂತ್ರದ ಬೇಡಿಕೆ ಕಡಿಮೆಯೇನಲ್ಲ. 16 ಜಿಬಿ ರ‍್ಯಾಮ್ ಬೇಕು, ಫ್ಯೂಷನ್ ಹೆಚ್ಚು ಬಳಸಿದರೆ 32. ಗ್ರಾಫಿಕ್ಸ್ ಕಾರ್ಡಿಗೆ 4 ಜಿಬಿಗಿಂತ ಕಡಿಮೆ ಮೆಮೊರಿ ಇದ್ದರೆ ಜಿಪಿಯು ಮೆಮೊರಿ ತುಂಬಿತೆಂಬ ಸಂದೇಶ ಪದೇ ಪದೇ ಬರುತ್ತದೆ. ಕ್ಲಿಪ್ಪುಗಳ ಪ್ರಾಕ್ಸಿ (ಹಗುರವಾದ ನಕಲು) ಮಾಡಿಕೊಂಡರೆ ಮಧ್ಯಮ ಲ್ಯಾಪ್‌ಟಾಪಿನಲ್ಲೂ ಕೆಲಸ ಸಾಗುತ್ತದೆ. ಲಿನಕ್ಸಿನ ಪುಕ್ಕಟೆ ಆವೃತ್ತಿ ಎಚ್.264 ಎಂಬ ತೀರಾ ಸಾಮಾನ್ಯ ವೀಡಿಯೋ ರೂಪದ ಫೈಲುಗಳನ್ನು ತೆರೆಯುವುದೇ ಇಲ್ಲ, ಎಲ್ಲವನ್ನೂ ಮೊದಲು ಬೇರೆ ರೂಪಕ್ಕೆ ಇಳಿಸಬೇಕು.

ನಮ್ಮ ದೊಡ್ಡ ತಕರಾರು ಪ್ರಾಜೆಕ್ಟ್ ಉಳಿಯುವ ಬಗೆಯ ಮೇಲೆ. ಅದು ನಿಮ್ಮ ಫೋಲ್ಡರಿನಲ್ಲಿ ಫೈಲಾಗಿ ಇರುವುದಿಲ್ಲ, ತಂತ್ರಾಂಶದ ಸ್ವಂತ ಡೇಟಾಬೇಸಿನಲ್ಲಿ ಕೂತಿರುತ್ತದೆ. ವೀಡಿಯೋಗಳಿರುವ ಫೋಲ್ಡರನ್ನು ಜೋಪಾನ ಮಾಡಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೆ ಸಂಕಲನವೆಲ್ಲ ಮಾಯ. ಪ್ರತಿದಿನ ಕೆಲಸ ಮುಗಿದ ಮೇಲೆ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ ಡಿಆರ್‌ಪಿ ಫೈಲನ್ನು ಬೇರೆ ಡಿಸ್ಕಿನಲ್ಲಿಡಿ. ಚಿತ್ರ ಮುಗಿಯುವ ತನಕ ಹೊಸ ಆವೃತ್ತಿಗೆ ಏರಬೇಡಿ. ಹೊಸದರಲ್ಲಿ ಒಮ್ಮೆ ತೆರೆದ ಪ್ರಾಜೆಕ್ಟ್ ಹಳೆಯದಕ್ಕೆ ಮರಳುವುದಿಲ್ಲ.

ಸ್ಟುಡಿಯೋ ಆವೃತ್ತಿ ಒಂದೇ ಬಾರಿ ಹಣ ಕೊಟ್ಟು ಕೊಳ್ಳುವಂಥದ್ದು, ತಿಂಗಳ ಬಾಡಿಗೆಯಲ್ಲ. ಚಿತ್ರದ ಕಾಲು ಭಾಗಕ್ಕಿಂತ ಹೆಚ್ಚು ಹಳೆಯ ಟೇಪಿನಿಂದ ಬರುವುದಾದರೆ ನಾಯ್ಸ್ ರಿಡಕ್ಷನ್ ಒಂದಕ್ಕಾಗಿಯೇ ಕೊಳ್ಳಬಹುದು. ಅದಕ್ಕಿಂತ ಕಡಿಮೆ ಇದ್ದರೆ ಆ ಹಣ ಒಳ್ಳೆಯ ಮೈಕ್ರೋಫೋನಿಗೆ ಹೋಗಲಿ.

ಸಿದ್ಧ ಚಿತ್ರವನ್ನು ಫೈಲಾಗಿ ಹೊರತೆಗೆಯುವ (ರೆಂಡರ್ ಮಾಡುವ) ಡೆಲಿವರ್ ಪುಟದ ಬಗ್ಗೆ ಕೆಲವು ಮಾತು. ಎಚ್.264, 1080ಕ್ಕೆ ಬಿಟ್ ರೇಟನ್ನು ತಾನಾಗಿ ಬಿಡದೆ ಸೆಕೆಂಡಿಗೆ 30,000 ಕಿಲೋಬಿಟ್‌ಗೆ ಕಟ್ಟಿಹಾಕಿ, ಗ್ರೇನ್ ಇರುವ ನೆನಪಿನ ದೃಶ್ಯಗಳು ಕಡಿಮೆ ಬಿಟ್ ರೇಟಿನಲ್ಲಿ ಚೌಕಚೌಕವಾಗಿ ಒಡೆಯುತ್ತವೆ. ಹಿಂದೆ ಯಾವಾಗಲೋ ತುಣುಕು ಪರೀಕ್ಷಿಸಲು ಇಟ್ಟ ಇನ್-ಔಟ್ ಗುರುತು ಉಳಿದಿದ್ದರೆ ಅಷ್ಟೇ ಭಾಗ ರೆಂಡರ್ ಆಗುತ್ತದೆ. ರೆಂಡರ್ ಎಂಬಲ್ಲಿ ಎಂಟೈರ್ ಟೈಮ್‌ಲೈನ್ ಇದೆಯೇ ನೋಡಿ. ಮ್ಯಾಕ್‌ನಲ್ಲಿ ರಿಸಾಲ್ವ್ ಒಳಗೆ ಕಂಡದ್ದಕ್ಕಿಂತ ಕ್ವಿಕ್‌ಟೈಮ್‌ನಲ್ಲಿ ಚಿತ್ರ ತೆಳುವಾಗಿ ಕಂಡರೆ ಅದು ಗಾಮಾ ಟ್ಯಾಗಿನ, ಅಂದರೆ ಬೆಳಕನ್ನು ಹೇಗೆ ತೋರಿಸಬೇಕೆಂದು ಫೈಲಿನಲ್ಲಿ ಬರೆದ ಗುರುತಿನ, ವ್ಯತ್ಯಾಸ. ಗ್ರೇಡ್ ತಿದ್ದಲು ಹೋಗದೆ ಟ್ಯಾಗನ್ನು ರೆಕ್.709-ಎಗೆ ಬದಲಿಸಿ ಮತ್ತೆ ರೆಂಡರ್ ಮಾಡಿ. ಚಿತ್ರಮಂದಿರಕ್ಕೆ ಕಳಿಸುವ ಡಿಸಿಪಿಯನ್ನು ಪುಕ್ಕಟೆ ಸಿಗುವ ಡಿಸಿಪಿ-ಒ-ಮ್ಯಾಟಿಕ್‌ನಲ್ಲಿ ಮಾಡಿಕೊಳ್ಳುವುದು ಸಲೀಸು.